ಕುರಿ ಎಷ್ಟೆಂದು ಹೇಳದವಳಿಗೆ ಕಾಯಿಲೆಯ ಹೆಸರಿಟ್ಟ ಅಧಿಕಾರಿಗೆ

ಮಾನ್ಯರೇ,

ನನ್ನ ತಾಯಿ ಮಾಯವ್ವನಿಗೆ ವ್ಯಕ್ತಿತ್ವದ ದೋಷವಿದೆ ಎಂದು ಸಾವಳಗಿಯ ಮಾನಸಿಕ ಆರೋಗ್ಯ ಶಿಬಿರದಲ್ಲಿ ಮೈಕು ಹಿಡಿದು ಸಾರಿದಿರಿ. ಅವತ್ತಿನಿಂದ, ಬಾಣಂತನಕ್ಕೆಂದು ಬನಹಟ್ಟಿಯ ತವರಿಗೆ ಹೋದ ನನ್ನ ಹೆಂಡತಿ ವೈಶಾಲಿಯನ್ನೂ ಕೂಸನ್ನೂ ಅವರ ಮನೆಯವರು ಕಳಿಸಿಲ್ಲ. ಮನೆಯೊಂದನ್ನು ಇಷ್ಟು ಬೇಗ ಕೆಡಿಸುವ ಔಷಧಿ ನಿಮ್ಮ ಇಲಾಖೆಯಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಅವ್ವನ ಮಾನ ಹೋದದ್ದು ಜನರೆದುರು. ನಿಮ್ಮದೂ ಅಲ್ಲೇ ಹೋಗಲಿ ಎಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಅವ್ವ ಬಂದದ್ದು ಮೊಣಕಾಲು ನೋವಿಗೆ ಗುಳಿಗೆ ಸಿಗಬಹುದೆಂದು. ನಿಮ್ಮ ಭಾಷಣಕ್ಕೊಂದು ಉದಾಹರಣೆ ಬೇಕಿತ್ತು, ಎಬ್ಬಿಸಿ ನಿಲ್ಲಿಸಿದಿರಿ.

“ಎಷ್ಟು ಕುರಿ ಇವೆಯಮ್ಮಾ?”

“ಬೀರಪ್ಪ ದೇವ್ರು ಕೊಟ್ಟಷ್ಟ ಅದಾವ್ರಿ.”

“ಅಂದರೆ ಎಷ್ಟು?”

“ಹಂಗ ಹೇಳಬಾರದ್ರಿ, ಸಾಹೇಬ್ರ.”

“ನಾನೇನು ಕದ್ದೊಯ್ಯುತ್ತೇನೆಯೇ? ಮಲಗುವುದಾದರೂ ಮನೆಯಲ್ಲೋ?”

“ಇಲ್ರಿ, ಕುರಿ ಜೋಡಿ ಹೊಲದಾಗ.”

“ಜನರಿಗಿಂತ ಕುರಿಯೇ ವಾಸಿಯೋ?”

“ಕುರಿ ಚಾಡಿ ಹೇಳೂದಿಲ್ರಿ.”

ಜನ ನಕ್ಕರು. ನೀವು ಅವರತ್ತ ತಿರುಗಿ, “ಎಲ್ಲರ ಮೇಲೂ ಅನುಮಾನ, ಯಾರೊಂದಿಗೂ ಬೆರೆಯುವುದಿಲ್ಲ. ವ್ಯಕ್ತಿತ್ವದ ದೋಷ ಎಂದರೆ ಇದೇ ನೋಡಿ” ಎಂದಿರಿ. ನಾನು ಎದ್ದು ಉತ್ತರ ಕೊಡಲು ಬಂದರೆ ಮೈಕು ಕೊಡಲಿಲ್ಲ.

ಈಗ ಕೇಳಿ. ಕುರಿ ಕಾಯುವ ನಮ್ಮ ಮಂದಿ ಹಿಂಡಿನ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆಂಬ ನಂಬಿಕೆ. ಮೂಢನಂಬಿಕೆ ಅನ್ನಿ, ಬೇಸರವಿಲ್ಲ. ಆದರೆ ಒಂದು ಕುಲದ ರೂಢಿ ಒಬ್ಬ ಹೆಂಗಸಿನ ಕಾಯಿಲೆ ಹೇಗಾಯಿತು? ಹಾಗಾದರೆ ಸಾವಳಗಿಯಿಂದ ತಿಮ್ಮಾಪುರದವರೆಗಿನ ಕುರಿಗಾಹಿಗಳಿಗೆಲ್ಲ ಚಿಕಿತ್ಸೆ ಕೊಡಬೇಕಲ್ಲ, ಗುಳಿಗೆಯ ದಾಸ್ತಾನಿದೆಯೇ?

ಅವ್ವನನ್ನು ಬೆಳಗಾವಿಯ ಮನೋವೈದ್ಯೆಯೊಬ್ಬರ ಬಳಿ ಕರೆದೊಯ್ದೆ. ಅವರು ಅವಳ ಬದುಕಿನ ಕಥೆಯನ್ನೆಲ್ಲ ಪುರಸೊತ್ತಾಗಿ ಕೇಳಿದರು. ಸಿಟ್ಟು, ಸಂಕೋಚ, ಹಟ, ಅನುಮಾನ ಯಾರಿಗಿಲ್ಲ? ಸಂದರ್ಭ ಬದಲಾದರೆ ಅವೂ ಸಡಿಲಾಗುತ್ತವೆ. ಹರೆಯದಲ್ಲೇ ಬೇರೂರಿದ ಸ್ವಭಾವ ಮನೆ, ಕೆಲಸ, ಗೆಳೆತನ ಎಲ್ಲ ಕಡೆಯೂ ಒಂದೇ ಬಿಗಿಯಲ್ಲಿ ವರ್ಷಗಟ್ಟಲೆ ಕಾಡಿ, ಆ ಮನುಷ್ಯನನ್ನೋ ಸುತ್ತಲಿನವರನ್ನೋ ನರಳಿಸಿದಾಗ ಮಾತ್ರ ಅದು ಕಾಯಿಲೆಯ ಮಾತು ಎಂದು ವಿವರಿಸಿದರು. ಅವ್ವನಿಗೆ ಮೊಣಕಾಲು ಸವೆದಿದೆಯಂತೆ, ಅಷ್ಟೇ.

ನಿಜವಾಗಿ ಹಾಗೆ ನರಳುವವರೊಬ್ಬರು ನಿಮ್ಮ ಶಿಬಿರದಲ್ಲಿದ್ದರು. ಪ್ರಾಯದಿಂದಲೂ ಒಬ್ಬ ಗೆಳೆಯನನ್ನೂ ಉಳಿಸಿಕೊಳ್ಳಲಾಗದೆ, ಹೆಂಡತಿಯ ಪ್ರೀತಿಯಲ್ಲೂ ಮೋಸ ಹುಡುಕಿ ಸೋತವರು. ಆಕೆ ಕಾಲು ಹಿಡಿದು ಕರೆತಂದಿದ್ದಳು. ಜನ ಅವ್ವನನ್ನು ನೋಡಿ ನಕ್ಕದ್ದೇ ತಡ, ಅವರು ಎದ್ದು ಹೊರಟುಹೋದರು. ಅವರ ಹೆಸರು ಹೇಳುವುದಿಲ್ಲ. ನಿಮಗಿಲ್ಲದ ಆ ಮರ್ಯಾದೆ ನನಗಿದೆ.

ಇನ್ನು ನಿಮ್ಮ ಅಳತೆಗೋಲನ್ನೇ ನಿಮಗೆ ಹಚ್ಚೋಣ. ಹಾರ ತಡವಾಯಿತೆಂದು ಸಿಪಾಯಿಯನ್ನು ಎಲ್ಲರೆದುರು ಗದರಿದಿರಿ. ಫೋಟೋ ಸರಿ ಬರಲಿಲ್ಲವೆಂದು ಉದ್ಘಾಟನೆಯ ಸಸಿಗೆ ಮತ್ತೊಮ್ಮೆ ನೀರೆರೆದಿರಿ. ಕಾಯಿಲೆಯ ಹೆಸರು ಹೇಳಲೇ? ಹೇಳುವುದಿಲ್ಲ. ಒಂದೇ ಭೇಟಿಯಲ್ಲಿ ಹಾಗೆ ಹೇಳಬಾರದೆಂದು ನಾನೀಗ ಕಲಿತಿದ್ದೇನೆ. ಬಹುಶಃ ನೀವು ಬರೀ ಜಂಬದ ಮನುಷ್ಯರು. ಅದಕ್ಕೆ ಔಷಧಿಯಿಲ್ಲ.

ಮೊನ್ನೆ ಅವ್ವನೊಂದಿಗೆ ಬನಹಟ್ಟಿಗೆ ಹೋದೆ. ನನ್ನ ಅತ್ತೆ ರುಕ್ಮವ್ವ ಬಾಗಿಲಲ್ಲೇ ತಡೆದರು. “ಸಿಟ್ಟಾಗಬ್ಯಾಡ್ರಿ ಬೀಗತಿ, ದೊಡ್ಡ ಸಾಹೇಬ್ರ ಮೈಕಿನ್ಯಾಗ ಹೇಳ್ಯಾರ. ನಿಮ್ಮ ಕೈಯಾಗ ಕೂಸ ಹೆಂಗ ಕೊಡೂದ್ರಿ?” ಅವ್ವ ತೊಟ್ಟಿಲಿಗೆಂದು ನೇಯಿಸಿದ್ದ ಪುಟ್ಟ ಕಂಬಳಿಯನ್ನು ಕಟ್ಟೆಯ ಮೇಲಿಟ್ಟು ತಿರುಗಿದಳು. ಬಸ್ಸಿನಲ್ಲಿ ಕೇಳಿದಳು: “ಖರೇನ ನನಗ ಏನರ ಆಗೇತೇನೋ, ಮಹಾಲಿಂಗ?”

ಯಾರನ್ನೂ ಅನುಮಾನಿಸದ ನನ್ನ ಅವ್ವ ಈಗ ತನ್ನನ್ನೇ ಅನುಮಾನಿಸುತ್ತಾಳೆ. ಇದನ್ನು ನಾನು ಕ್ಷಮಿಸುವುದಿಲ್ಲ.

ಸಾವಳಗಿಗೆ ಬನ್ನಿ. ನೆರೆದ ಜನರೆದುರು ‘ನಾನು ತಪ್ಪು ಹೇಳಿದೆ’ ಎನ್ನಿ. ಅಲ್ಲಿಂದ ಬನಹಟ್ಟಿಗೆ ನಡೆಯಿರಿ, ರುಕ್ಮವ್ವನ ಬಾಗಿಲಲ್ಲಿ ನಿಂತು ಅದನ್ನೇ ಹೇಳಿ. ಬರದಿದ್ದರೆ ಮುಧೋಳ, ಬೀಳಗಿ, ಮಹಾಲಿಂಗಪುರ, ನೀವು ಎಲ್ಲಿ ಶಿಬಿರ ಹೂಡಿದರೂ ನಾನು ಎದ್ದು ನಿಂತು ಈ ಕಥೆ ಹೇಳುತ್ತೇನೆ. ವರ್ಗ ಮಾಡಿಸಿಕೊಂಡು ಹೋದರೆ ಆ ಊರಿಗೂ ಬಸ್ಸಿರುತ್ತದೆ. ನನ್ನ ಮಗಳು ಅಜ್ಜಿಯ ತೊಡೆಯ ಮೇಲೆ ಮಲಗುವವರೆಗೆ ನಿಮಗೆ ನಿದ್ದೆ ಬರಲು ಬಿಡುವುದಿಲ್ಲ.

ಇಂತಿ,
ಈ ಹಗೆ ಸ್ವಭಾವವೋ ಕಾಯಿಲೆಯೋ ಎಂದು ನೋಡಿಕೊಳ್ಳಲು ಸದ್ಯ ಪುರಸೊತ್ತಿಲ್ಲದ,
ಮಾಯವ್ವನ ಮಗ ಮಹಾಲಿಂಗ
ಜಮಖಂಡಿ