ನನ್ನ ವ್ಯಸನ ನನಗೆ ವಾಪಸ್ ಕೊಡಿ

ಮಾನ್ಯ ಪ್ರಾಥಮಿಕ ಆರೋಗ್ಯಾಧಿಕಾರಿಗಳೇ,

ನಾನು ಕುಡುಕಿಯಲ್ಲ ಎಂದು ನಿಮ್ಮ ಕಚೇರಿ ಕಳೆದ ತಿಂಗಳು ತೀರ್ಮಾನಿಸಿದೆ. ಇದರಿಂದ ನನ್ನ ಸಂಸಾರಕ್ಕೆ ಘೋರ ಅನ್ಯಾಯವಾಗಿದೆ. ದಯವಿಟ್ಟು ನನ್ನನ್ನು ಮೊದಲಿನಂತೆ ಕುಡುಕಿಯೆಂದೇ ಪರಿಗಣಿಸಿ, ಮಂಗಳವಾರದ ಫೋನನ್ನು ಮತ್ತೆ ಶುರುಮಾಡಿ. ತಮಾಷೆ ಮಾಡುತ್ತಿಲ್ಲ. ಕನ್ನಡದಲ್ಲೇಕೆ ಬರೆದಳು ಎನ್ನಬೇಡಿ, ಗುಜರಾತಿಯ ಒಂದೇ ಒಂದು ಪದಕ್ಕೆ ಉತ್ತರ ಕೊಟ್ಟು ಇಷ್ಟೆಲ್ಲ ಎಡವಟ್ಟಾಗಿದೆ. ಸೂರತ್ತಿನಲ್ಲಿ ಕನ್ನಡ ಬಲ್ಲವರಿಗೇನೂ ಬರವಿಲ್ಲ, ಯಾರನ್ನಾದರೂ ಕೂರಿಸಿಕೊಂಡು ಓದಿಸಿ.

ನಮ್ಮ ಮನೆಯವರು ಶ್ರೀಪಾದ, ಹಜೀರಾದ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಕುಡಿಯುತ್ತಾರೆ. ಪಾನನಿಷೇಧದ ರಾಜ್ಯದಲ್ಲಿ ಎಲ್ಲಿ ಸಿಗುತ್ತದೆ ಎಂದು ಮಳ್ಳರಂತೆ ಕೇಳಬೇಡಿ. ಹಾಲಿನವನು ಕೈಕೊಡಬಹುದು, ಬಾಟಲಿ ಕೊಡುವ ಪುಣ್ಯಾತ್ಮ ಕೈಕೊಡುವುದಿಲ್ಲ. ಹೊಟ್ಟೆನೋವು, ಕೈನಡುಕ ಎಂದು ಇವರು ನಿಮ್ಮ ಆರೋಗ್ಯ ಕೇಂದ್ರಕ್ಕೆ ಎಷ್ಟು ಸಲ ಎಡತಾಕಿದರು! ಬಿಪಿ ನೋಡಿದಿರಿ, ಶುಗರ್ ನೋಡಿದಿರಿ, ಖಾರ ಕಡಿಮೆ ಮಾಡಿ ಎಂದು ನನ್ನ ಕೆಂಪು ಚಟ್ನಿಯ ಮೇಲೆ ಗೂಬೆ ಕೂರಿಸಿದಿರಿ. ಕುಡಿಯುತ್ತೀರಾ ಎಂದು ಒಬ್ಬರಾದರೂ ಕೇಳಿದಿರಾ? ಕಾನೂನಿನ ಪ್ರಕಾರ ಇಲ್ಲಿ ಯಾರೂ ಕುಡಿಯುವುದೇ ಇಲ್ಲವಲ್ಲ, ಇಲ್ಲದ್ದನ್ನು ಕೇಳುವುದು ಹೇಗೆ? ಆರೋಗ್ಯದ ಕಾರಣಕ್ಕೆ ಕುಡಿಯಲು ಪರವಾನಗಿ ಬೇಕೆಂದರೆ ವೈದ್ಯರು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುತ್ತಾರಂತೆ. ಕುಡಿದು ಆರೋಗ್ಯ ಕೆಟ್ಟವರಿಗೆ ಮಾತ್ರ ಗ್ಯಾಸಿನ ಗುಳಿಗೆ.

ಕೊನೆಗೊಮ್ಮೆ ಹೊಸ ಡಾಕ್ಟರಮ್ಮ ಬಂದರು. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿರುವಾಗಲೇ ಇವರನ್ನು "ಕೋಈ ವ್ಯಸನ?" ಎಂದು ಕೇಳಿದರು. ಒಪ್ಪಿಕೊಂಡರೆ ಅಪರಾಧವಾಗುವ ಊರಿನಲ್ಲಿ, ಅಷ್ಟು ಜನರೆದುರು, ಯಾವ ಗಂಡಸು ಹೌದೆನ್ನುತ್ತಾನೆ? "ನಹೀ" ಎಂದು ಎದ್ದು ಬಂದರು. ಆಮೇಲೆ ಬಿಪಿ ತೋರಿಸಲು ಹೋದ ನನ್ನನ್ನು ಒಳಕೋಣೆಯಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಅದನ್ನೇ ಕೇಳಿದರು: "ಬೆನ್, ಕೋಈ ವ್ಯಸನ?"

ಸ್ವಾಮಿ, ನಿಮ್ಮ ಗುಜರಾತಿಯಲ್ಲಿ ವ್ಯಸನವೆಂದರೆ ಚಟ. ಧಾರವಾಡದ ನಮ್ಮ ಮನೆಯಲ್ಲಿ ವ್ಯಸನವೆಂದರೆ ದುಃಖ. ಇಷ್ಟು ವರ್ಷಗಳಲ್ಲಿ ನಿನಗೇನು ದುಃಖ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಗಳಗಳನೆ ಅತ್ತುಬಿಟ್ಟೆ. "ಹೈ ಮೇಡಂ, ಬಹುತ್ ಹೈ. ರೋಜ್ ಹೈ. ಶಾಮ್ ಕೋ ಜ್ಯಾದಾ" ಎಂದೆ. ದಿನಾ ಇದೆ, ಸಂಜೆಯಾದರೆ ಹೆಚ್ಚು!

ಪಾಪ, ಆಕೆ ಗಾಬರಿಯಾದರೂ ತೋರಿಸಿಕೊಳ್ಳಲಿಲ್ಲ. ಬೈಯಲಿಲ್ಲ, ಪುರಾಣ ಹೇಳಲಿಲ್ಲ. ಈ ಮಾತು ಪೊಲೀಸರಿಗೆ ಹೋಗುವುದಿಲ್ಲ, ಎಷ್ಟು ತಗೊಳ್ತೀರಿ ಹೇಳಿ, ಒಮ್ಮೆಲೇ ಬಿಡಬೇಡಿ, ನಡುಕ ಹೆಚ್ಚಾದರೆ ನೇರ ನನ್ನ ಹತ್ತಿರ ಬನ್ನಿ, ಪ್ರತಿ ಮಂಗಳವಾರ ನಮ್ಮವರು ಫೋನ್ ಮಾಡಿ ವಿಚಾರಿಸುತ್ತಾರೆ ಎಂದರು. ಆಗಷ್ಟೇ ನನಗೆ ಬೆಳಕಾಯಿತು. ತಿದ್ದಲು ಬಾಯಿ ತೆರೆದವಳು, ಇಷ್ಟು ಒಳ್ಳೆಯ ಮಾತು ದಂಡವಾಗಬಾರದೆಂದು ಮತ್ತೆ ಮುಚ್ಚಿಕೊಂಡೆ.

ಹೊರಗೆ ಬಂದರೆ ಇವರು, "ಏನಂದ್ರು ಡಾಕ್ಟರು?"

"ನಾ ಕುಡಿಯೋದು ಬಿಡಬೇಕಂತ್ರೀ."

ಹೊಟ್ಟೆ ಹಿಡಿದುಕೊಂಡು ನಕ್ಕರು. ಆಟೋ ಮನೆ ಮುಟ್ಟುವಷ್ಟರಲ್ಲಿ ನಗು ನಿಂತಿತ್ತು. "ಮತ್ತೇನಂದ್ರು?" ಎಂದರು.

ಮಂಗಳವಾರ ನಿಮ್ಮ ಸಮಾಲೋಚಕ ಅಕ್ಷಯ್ ಫೋನ್ ಮಾಡಿದಾಗ ನಾನು ಒಗ್ಗರಣೆ ಹಾಕುತ್ತಿದ್ದೆ. ಇವರೇ ಎತ್ತಿಕೊಂಡರು. "ಕಲ್ ಥೋಡೀ ಲೀ, ಪರಸೋಂ ನಹೀ ಲೀ" ಎನ್ನುವುದು ಕೇಳಿಸಿತು. ನಿನ್ನೆ ಸ್ವಲ್ಪ ತಗೊಂಡದ್ದು, ಮೊನ್ನೆ ಇಲ್ಲ. ಹಿಂದಿಗೆ ಸಾವಿರ ಶರಣು, ತಗೊಂಡವರು ಯಾರು ಎಂದು ಹೇಳಲೇಬೇಕಾಗಿಲ್ಲ! ಅಂದಿನಿಂದ ಪ್ರತಿ ಮಂಗಳವಾರ ನನ್ನ ಹೆಸರಿನಲ್ಲಿ ಇವರದೇ ಮಾತುಕತೆ. ಕುಡಿತ ಇಳಿಯುತ್ತ ಬಂತು. ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಂಡ ದಿನ ನಾನು ಅಡುಗೆಮನೆಗೆ ಹೋಗಿ ಅತ್ತೆ. ಅದು ವ್ಯಸನವಲ್ಲ, ಸಂತೋಷ.

ಅಷ್ಟರಲ್ಲಿ ನಿಮ್ಮ ಕಚೇರಿಗೆ ದಕ್ಷತೆಯ ಭೂತ ಬಡಿಯಿತು. ತಪಾಸಣೆಯವರು ಬಂದರು. ಪಕ್ಕದ ಮನೆಯ ಜಯಂತಿಬೆನ್, "ಬೆನ್ ತೋ ಚಾ ಪಣ ನಥೀ ಪೀತಾ" ಎಂದು ಆಣೆಯಿಟ್ಟರು. ಈಕೆ ಚಹಾ ಕೂಡ ಕುಡಿಯುವುದಿಲ್ಲ ಎಂದು! ಪಟ್ಟಿಯಿಂದ ನನ್ನ ಹೆಸರು ಹೋಯಿತು, ಫೋನೂ ಹೋಯಿತು. ಕುಡಿಯದವಳನ್ನು ಹುಡುಕಿ ತೆಗೆದ ನಿಮಗೆ, ಅದೇ ಮನೆಯಲ್ಲಿ ಕುಡಿಯುವವರು ಯಾರು ಎಂದು ಕೇಳಲು ಏನು ಧಾಡಿಯಾಗಿತ್ತು?

ಬಂದವರೆಲ್ಲರಿಗೂ ಬಿಪಿ ನೋಡುವ ಹಾಗೆ ಇದನ್ನೂ ಕೇಳಿ. ಬಾಗಿಲು ಹಾಕಿ ಕೇಳಿ, ಪೊಲೀಸರ ಭಯ ತೆಗೆದು ಕೇಳಿ, ಅವರವರ ಮಾತಿನಲ್ಲಿ ಕೇಳಿ. ಅದಕ್ಕೆ ಆದೇಶ, ಸಮಿತಿ ಎಂದು ವರ್ಷ ಹಿಡಿಯುವುದಾದರೆ ಹಿಡಿಯಲಿ. ಅಲ್ಲಿಯವರೆಗೆ ನನ್ನ ಫೋನ್ ನನಗೆ ಕೊಡಿ.

ಹೋದ ಮಂಗಳವಾರ ಇವರು ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಇವತ್ತೂ ನಿನಗ ಫೋನ್ ಬರಲಿಲ್ಲಲ್ಲ?"

"ಬರಲಿಲ್ರೀ."

"ನಿನ್ನ ಕೈಬಿಟ್ರೇನು ಅವರು?" ಎಂದರು. ನಾನು ಒಲೆ ಸಣ್ಣ ಮಾಡಿ ಬರುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದರು.

ಇಂತಿ,
ಗುಜರಾತಿಯಲ್ಲಿ ವ್ಯಸನವಿಲ್ಲದ, ಕನ್ನಡದಲ್ಲಿ ಬೇಕಾದಷ್ಟಿರುವ
ಕಾಮಾಕ್ಷಿ
ಸೂರತ್