ಗುಬ್ಬಿಯ ಮುಷ್ಟಿ

ತಮ್ಮಾ,

ಗುಬ್ಬಿಗೆ ಬೆಳಗಿನ ಫಿಟ್ಸ್ ಔಷಧಿ ಕುಡಿಸಿದ್ದೇನೆ, ನೀನು ಮತ್ತೆ ಕುಡಿಸಬೇಡ. ಅನ್ನ ನುಣ್ಣಗೆ ಹಿಸುಕಿಟ್ಟಿದ್ದೇನೆ. ಕೂರಿಸಿಯೇ ತಿನ್ನಿಸು. ಕಾಲು ನೆಟ್ಟಗಿಡುವ ಪಟ್ಟಿ ಮತ್ತೆ ಬಿಗಿಯಾಗಿದೆ. ಅವಳಪ್ಪ ಕೂಸನ್ನು ಒಂದೇ ಸಲ ಗೋಡೆಗೆ ಬಡಿದು ಜೈಲಿಗೆ ಹೋದ. ಇವಳು ಬೆಳೆದಂತೆ ಪಟ್ಟಿ ಮಾತ್ರ ವರ್ಷವರ್ಷ ಹೊಸದು ಬೇಕು. ಅದಕ್ಕೇ ಇವತ್ತೂ ಓವರ್‌ಟೈಮ್ ಮಾಡಿ ಬರುತ್ತೇನೆ.

ಒಂದು ಮಾತು ಹೇಳುತ್ತೇನೆ, ನಗಬೇಡ. ನೀನು ಸಿಳ್ಳೆ ಹಾಕಿದರೆ ಅವಳ ಎಡಗೈ ಮುಷ್ಟಿ ತಾನಾಗಿ ಸಡಿಲಾಗುತ್ತದೆ. ನಾನು ಬಿಡಿಸಲು ಹೋದರೆ ಇನ್ನೂ ಬಿಗಿಹಿಡಿಯುತ್ತಾಳೆ. ಹೆತ್ತವಳು ನಾನು, ಕೈ ಬಿಚ್ಚುವುದು ಮಾವನಿಗೆ! ನಮಗಾಗಿ ಲಾರಿ ಓಡಿಸುವ ಕೆಲಸ ಬಿಟ್ಟವನು, ಗೊತ್ತಾಗಿದ್ದ ಮದುವೆಯನ್ನೂ ಬಿಟ್ಟವನು ನೀನು. ನಿನ್ನ ಮೇಲೆ ಹೊಟ್ಟೆಕಿಚ್ಚು ಪಡಬಾರದು. ಆದರೂ ಪಡುತ್ತೇನೆ. ನಿನ್ನೆ ಫ್ಯಾಕ್ಟರಿಯಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತು ಸಿಳ್ಳೆ ಕಲಿಯಲು ಹೋದೆ. ಪಕ್ಕದವಳು, "ಅಕ್ಕಾ, ಮೆಷಿನ್‌ಗೆ ಒಂಚೂರು ಎಣ್ಣೆ ಬಿಡು, ಕೀಂಯ್ ಅಂತಿದೆ" ಅಂದಳು.

ಇವತ್ತು ಸಿಳ್ಳೆ ಹಾಕಬೇಡ, ಸಂಜೆ ನಾನೇ ಮುಷ್ಟಿ ಬಿಡಿಸುತ್ತೇನೆ ಎಂದು ಬರೆಯಲು ಕೂತಿದ್ದೆ. ಆದರೆ ಅಲ್ಲಿಯವರೆಗೆ ಮುಚ್ಚಿಕೊಂಡೇ ಇದ್ದರೆ ಉಗುರು ಅಂಗೈಗೆ ಊರುತ್ತದೆ. ಹಾಕು ಮಾರಾಯ, ಬೇಕಾದಷ್ಟು ಹಾಕು. ಅಂಗೈ ತೊಳೆದು, ಬೆರಳಸಂದಿಯೆಲ್ಲ ಚೆನ್ನಾಗಿ ಒರೆಸು.

ಸಂಜೆ ಗೇಟಿನ ಸದ್ದು ಕೇಳಿದ ಕೂಡಲೇ ಮಾತ್ರ ನೀನು ಅಡುಗೆಮನೆಗೆ ಹೋಗಿಬಿಡು. ಬಾಗಿಲು ತೆರೆದಾಗ ಅವಳ ಕಣ್ಣಿಗೆ ನಾನೊಬ್ಬಳೇ ಬೀಳಬೇಕು.

ಅಕ್ಕ