ಸುಮಿತ್ರವ್ವನ ಕಾರ್ಡು

ಸೋಮವಾರ, ಜುಲೈ 7
ಮತ್ತೆ ಕಂಪ್ಯೂಟರ್ ಗಿರಗಿರ. ಹೊರಗೆ ಮುಳಗುಂದದ ಅರ್ಧ ಊರು ಕೆಮ್ಮುತ್ತಿದೆ. ನರ್ಸ್ ಕೌಸರ, "ಚೀಟಿ ಬರದು ಕೊಡ್ರಿ ಮೇಡಂ, ಜಲ್ದಿ ಆಕ್ಕತಿ" ಅಂದಳು. ಬರೆಯುವ ಹಾಗಿಲ್ಲ. ಎಲ್ಲ ಆನ್‌ಲೈನ್. ಯಾವ ಊರಿನ ಡಾಕ್ಟರ್ ಆರೋಗ್ಯ ಕಾರ್ಡು ಸ್ಕ್ಯಾನ್ ಮಾಡಿದರೂ ರೋಗಿಯ ಪೂರ್ತಿ ದಾಖಲೆ ಬರಬೇಕು. ಬರುತ್ತದೆ — ಕರೆಂಟ್ ಇದ್ದರೆ.

ಮಂಗಳವಾರ, ಜುಲೈ 8
ಸುಮಿತ್ರವ್ವ ಬಂದಿದ್ದಳು. ಜ್ವರ, ಗಂಟಲು ಕೆಂಪು. ಅಮಾಕ್ಸಿಸಿಲಿನ್ ಅಂತ ಒತ್ತಿದೆ. ಸ್ಕ್ರೀನ್ ತುಂಬ ಎಚ್ಚರಿಕೆ: ಪೆನಿಸಿಲಿನ್ ಅಲರ್ಜಿ, ಕೊಡಬೇಡಿ.

"ನನಗ ಅಂಥಾದ್ದೇನೂ ಇಲ್ರಿ. ಅದು ನಮ್ಮ ನೆಗೆಣ್ಣಿ, ಮೈದುನನ ಹೇಣ್ತಿ ಐಶ್ವರ್ಯಾಗ ಆಗಿತ್ತು. ಹೋದ ವರ್ಷ, ಗದಗಿನ್ಯಾಗ. ಮಾರಿ ಬಾತು, ಉಸಿರು ಹಿಡದು, ಸಾಯೂದೊಂದ ಬಾಕಿ."

"ಮತ್ತ ನಿಮ್ಮ ಕಾರ್ಡಿನಾಗ ಯಾಕ ಬಂತು?"

"ಅಕಿ ಕಾರ್ಡು ತವರಮನ್ಯಾಗ ಐತ್ರಿ, ಹೊಂಬಳದಾಗ. ನಂದು ಕೊಟ್ಟು ಕಳಿಸಿದ್ದೆ. ಒಂದ ಮನಿ, ಒಂದ ಒಲಿ. ಕಾರ್ಡು ಯಾರದಾದ್ರ ಏನ್ರಿ?"

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಐಶ್ವರ್ಯಾಳ ದಾಖಲೆ ಹುಡುಕಿದೆ. ಅಲರ್ಜಿಯ ಸುದ್ದಿಯೇ ಇಲ್ಲ. ನಾಳೆ ಯಾರಾದರೂ ಅದೇ ಔಷಧ ಕೊಟ್ಟರೆ ಹುಡುಗಿ ಹೋದಳು. ಕೂತು ಸರಿ ಮಾಡಿದೆ — ಸುಮಿತ್ರವ್ವನದರಿಂದ ತೆಗೆದು ಐಶ್ವರ್ಯಾಳದಕ್ಕೆ ಹಾಕಿದೆ. ಡಬ್ಬಿಯ ಊಟ ತಣ್ಣಗಾಗಿತ್ತು.

"ಇನ್ನ ಮ್ಯಾಲೆ ಅವರವರ ಕಾರ್ಡು ಅವರವರ ತರಬೇಕು" ಅಂದೆ. "ಆತ್ರಿ ಮೇಡಂ" ಅಂದಳು. ಈ 'ಆತ್ರಿ' ಕೇಳಿ ಕೇಳಿ ಸಾಕಾಗಿದೆ.

ಶುಕ್ರವಾರ, ಜುಲೈ 11
ಸುಮಿತ್ರವ್ವ ಮತ್ತೆ. ಗಂಟಲು ವಾಸಿ, ಮುಖದ ತುಂಬ ನಗು. ಕಾರ್ಡು ಕೇಳಿದೆ.

"ಐಶ್ವರ್ಯಾ ಒಯ್ದಾಳ್ರಿ. ನನ್ನ ಗಂಟಲ ಬ್ಯಾನಿ ಅಕಿಗೂ ಹತ್ತೇತಿ. ಚಿಗವ್ವನ ಮನಿಗೆ ಹೋಗ್ಯಾಳ, ಅಲ್ಲೇ ಶಿರಹಟ್ಟ್ಯಾಗ ತೋರಸ್ತಾಳಂತ."

"ನಿಮ್ಮ ಕಾರ್ಡಾ? ನಾ ಏನ್ ಹೇಳಿದ್ದೆ?"

"ಬೇಕಂತ ಕೊಟ್ಟೇನ್ರಿ. ಅಕಿ ಅಲರ್ಜಿ ಅದರಾಗ ಐತಲ್ರಿ. ನೀ ಏನೂ ಹೇಳಬ್ಯಾಡ, ಕಾರ್ಡ ಹೇಳತೈತಿ ಅಂದೇನಿ."

ಹೇಳುತ್ತಿತ್ತು. ಮಂಗಳವಾರ ನಾನೇ ಅಳಿಸಿದೆ.

ಐಶ್ವರ್ಯಾಳ ಮೊಬೈಲ್ ಸ್ವಿಚ್ ಆಫ್. ಶಿರಹಟ್ಟಿಯ ಡಾಕ್ಟರ್ ಸುದೀಪರಿಗೆ ಫೋನ್ ಹಚ್ಚಿದೆ. ಬ್ಯುಸಿ. ಕೌಸರ ಆಸ್ಪತ್ರೆಯ ಫೋನಿನಿಂದ ಹಚ್ಚುತ್ತಿದ್ದಾಳೆ. ಸುಮ್ಮನೆ ಕೂರಲಾಗದೆ ಇದನ್ನು ಗೀಚುತ್ತಿದ್ದೇನೆ. ಸುಮಿತ್ರವ್ವ ಎದುರಿಗೇ ಕೂತಿದ್ದಾಳೆ, ಏನಾಯಿತೆಂದು ಅವಳಿಗೆ ಇನ್ನೂ ತಿಳಿದಿಲ್ಲ. ಮತ್ತೆ ಹಚ್ಚಿದೆ. ರಿಂಗ್ ಆಗುತ್ತಿದೆ. ಎತ್ತಿ ಸರ್, ಎತ್ತಿ, ಕೊಡಬೇಡಿ, ಅವಳು ಸುಮಿತ್ರವ್ವ ಅಲ್ಲ, ಅವಳು—